ಸಾಕುನಾಯಿಯ ಜಂತುಹುಳು: ಮೂಲಿಕೆಯೋ, ಮಾತ್ರೆಯೋ?

ಮನೆಗೆ ನಾಯಿಮರಿ ಬಂತೆಂದರೆ ಅದರ ಹಿಂದೆಯೇ ಸಲಹೆಗಳೂ ಬರುತ್ತವೆ. ಬೇವಿನ ಸೊಪ್ಪು ಅರೆದು ಕುಡಿಸಿ ಎನ್ನುವವರೊಬ್ಬರು, ಅನ್ನದ ಜೊತೆ ಎರಡೆಸಳು ಬೆಳ್ಳುಳ್ಳಿ ಕಲಸಿ ಎನ್ನುವವರು ಇನ್ನೊಬ್ಬರು, ಕುಂಬಳಬೀಜ, ವಾಯುವಿಳಂಗ, ಪಪ್ಪಾಯಿಬೀಜ ಎಂದು ಪಟ್ಟಿ ಬೆಳೆಸುವವರು ಮತ್ತೊಬ್ಬರು. ಎಲ್ಲಕ್ಕೂ ಕೊನೆಯಲ್ಲಿ ಒಂದೇ ಸಮರ್ಥನೆ: 'ಇದು ಸಹಜವಾದದ್ದು, ಆದ್ದರಿಂದ ಅಪಾಯವಿಲ್ಲ, ಮಾತ್ರೆ ರಾಸಾಯನಿಕ, ಆದ್ದರಿಂದ ವಿಷ.' ಎದುರು ಪಕ್ಷದ ವಾದವೂ ಅಷ್ಟೇ ಚುಟುಕು: 'ಗಿಡಮೂಲಿಕೆಯೆಲ್ಲ ಅಜ್ಜಿಕಥೆ, ಅಂಗಡಿಯಿಂದ ಮಾತ್ರೆ ತಂದು ಮೂರು ತಿಂಗಳಿಗೊಮ್ಮೆ ನುಂಗಿಸಿದರೆ ಮುಗಿಯಿತು.'

ಈ ಎರಡು ವಾದಗಳು ಮೇಲ್ನೋಟಕ್ಕೆ ವಿರುದ್ಧವಾಗಿ ಕಂಡರೂ ಒಂದು ವಿಷಯದಲ್ಲಿ ಸಮಾನ. ಎರಡೂ ಔಷಧದ ಹುಟ್ಟೂರನ್ನು ವಿಚಾರಿಸುತ್ತವೆ, ಅದರ ಕೆಲಸವನ್ನು ವಿಚಾರಿಸುವುದಿಲ್ಲ. ಯಾವ ಹುಳುವಿಗೆ? ಅದರ ಬಾಳಿನ ಯಾವ ಹಂತಕ್ಕೆ? ಎಷ್ಟು ಪ್ರಮಾಣದಲ್ಲಿ? ಕೊಟ್ಟ ಮೇಲೆ ಎಷ್ಟು ಹುಳು ಉಳಿದವು? ಈ ನಾಲ್ಕು ಪ್ರಶ್ನೆಗಳಿಗೆ ಉತ್ತರವಿದ್ದರೆ ಅದನ್ನು ಔಷಧ ಎನ್ನಬಹುದು. ಉತ್ತರವಿಲ್ಲದಿದ್ದರೆ ಅದು ಗಿಡದಿಂದ ಬಂದಿರಲಿ, ಕಾರ್ಖಾನೆಯಿಂದ ಬಂದಿರಲಿ, ಬರಿಯ ನಂಬಿಕೆ. ಎರಡೂ ಪಕ್ಷಗಳನ್ನು ಈ ಪ್ರಶ್ನೆಗಳ ಒರೆಗಲ್ಲಿಗೆ ಉಜ್ಜಿ ನೋಡುವುದು ಈ ಲೇಖನದ ಉದ್ದೇಶ.

ಯಾವ ಹುಳು?

'ಜಂತುಹುಳು' ಎಂಬುದು ಒಂದು ಪದ, ಆದರೆ ಅದರಡಿ ಬರುವ ಪ್ರಾಣಿಗಳು ಹಲವು. ನಾಯಿಯ ಕರುಳಿನಲ್ಲಿ ಸಾಮಾನ್ಯವಾಗಿ ಕಾಣುವವು ನಾಲ್ಕು ಬಗೆ.

ಮೊದಲನೆಯದು ದುಂಡುಹುಳು, ಟಾಕ್ಸೊಕಾರ ಕೇನಿಸ್. ತಾಯಿನಾಯಿಯ ಸ್ನಾಯು ಮತ್ತಿತರ ಅಂಗಾಂಶಗಳಲ್ಲಿ ಇದರ ಲಾರ್ವಗಳು ವರ್ಷಗಟ್ಟಲೆ ನಿದ್ರಿಸುತ್ತಿರುತ್ತವೆ. ಗರ್ಭ ನಿಂತು ಸುಮಾರು 42 ದಿನ ಕಳೆದ ಮೇಲೆ ಇವು ಎಚ್ಚೆತ್ತು, ಹೊಕ್ಕುಳಚೀಲವನ್ನು ದಾಟಿ ಮರಿಗಳ ದೇಹ ಸೇರುತ್ತವೆ. ಎಂದರೆ ಮರಿ ಹುಟ್ಟುವಾಗಲೇ ಹುಳು ಹೊತ್ತು ಹುಟ್ಟುತ್ತದೆ. ಮೂರು ವಾರ ತುಂಬುವಷ್ಟರಲ್ಲಿ ಅದರ ಮಲದಲ್ಲಿ ಮೊಟ್ಟೆಗಳು ಕಾಣಿಸಿಕೊಳ್ಳಬಹುದು. ತಾಯಿಗೆ ಎಷ್ಟೇ ಚೊಕ್ಕಟವಾದ ಆಹಾರ ಹಾಕಿದ್ದರೂ ಇದು ತಪ್ಪುವುದಿಲ್ಲ.

ಎರಡನೆಯದು ಕೊಕ್ಕೆಹುಳು, ಆಂಕಿಲೊಸ್ಟೋಮ ಕೇನೈನಮ್. ಒಂದೂವರೆ ಸೆಂಟಿಮೀಟರಿನ ಈ ಹುಳು ಕರುಳಿನ ಗೋಡೆಗೆ ಹಲ್ಲೂರಿ ರಕ್ತ ಹೀರುತ್ತದೆ. ಒಂದು ಹುಳುವಿನಿಂದ ದಿನಕ್ಕೆ ಸುಮಾರು 0.1 ಮಿಲಿಲೀಟರ್ ರಕ್ತನಷ್ಟವಾಗುತ್ತದೆ. ಕೇಳಲು ಸಣ್ಣ ಸಂಖ್ಯೆ. ಲೆಕ್ಕ ಹಾಕಿ ನೋಡೋಣ. ಒಂದು ಕಿಲೋಗ್ರಾಂ ತೂಗುವ ಮರಿಯ ಮೈಯಲ್ಲಿರುವ ರಕ್ತ ಸುಮಾರು 80ರಿಂದ 90 ಮಿಲಿಲೀಟರ್. ಅದರ ಕರುಳಿನಲ್ಲಿ ನೂರು ಕೊಕ್ಕೆಹುಳುಗಳಿದ್ದರೆ ದಿನಕ್ಕೆ 10 ಮಿಲಿಲೀಟರ್ ಹೋಯಿತು. ಒಂಬತ್ತರಲ್ಲಿ ಒಂದು ಪಾಲು. ಈ ಹುಳುವಿನ ಲಾರ್ವಗಳು ತಾಯಿಯ ಹಾಲಿನ ಮೂಲಕವೂ ಮರಿಗೆ ದಾಟುತ್ತವೆ. ಆದ್ದರಿಂದಲೇ ಎರಡನೆಯ ವಾರದಲ್ಲಿ, ಮಲದಲ್ಲಿ ಒಂದೂ ಮೊಟ್ಟೆ ಕಾಣುವ ಮೊದಲೇ, ಮರಿಗಳು ಒಸಡು ಬಿಳಿಚಿ ಸಾಯುವುದುಂಟು.

ಮೂರನೆಯದು ಲಾಡಿಹುಳು. ನಾಯಿ–ಬೆಕ್ಕುಗಳಲ್ಲಿ ಹೆಚ್ಚಾಗಿ ಕಾಣುವ ಡಿಪೈಲಿಡಿಯಮ್ ಕೇನೈನಮ್ ಎಂಬುದಕ್ಕೆ ಚಿಗಟವೇ ಮಧ್ಯಂತರ ಆತಿಥೇಯ. ನಾಯಿ ಮೈ ಕಚ್ಚಿಕೊಳ್ಳುವಾಗ ಚಿಗಟವನ್ನು ನುಂಗುತ್ತದೆ. ಎರಡು ಮೂರು ವಾರಗಳಲ್ಲಿ ಒಳಗೆ ಲಾಡಿ ಬೆಳೆಯುತ್ತದೆ. ಗುದದ ಬಳಿ ಅಕ್ಕಿಕಾಳಿನಂತೆ ಅಂಟಿಕೊಂಡಿರುವುದು ಇದರ ತುಂಡುಗಳೇ. ನಾಲ್ಕನೆಯದು ಚಾಟಿಹುಳು. ಇದು ಮೊಟ್ಟೆಯಾಗಿ ಒಳಸೇರಿ ತಾನೂ ಮೊಟ್ಟೆಯಿಡುವಷ್ಟು ಬೆಳೆಯಲು ಸುಮಾರು ಮೂರು ತಿಂಗಳು ಬೇಕು.

ಇವಲ್ಲದೆ ಜಿಯಾರ್ಡಿಯ, ಕಾಕ್ಸಿಡಿಯ ಮುಂತಾದ ಏಕಕೋಶಿಗಳಿವೆ. ಇವು ಹುಳುಗಳೇ ಅಲ್ಲ, ಆದರೆ ಮರಿ ಭೇದಿ ಮಾಡಿದಾಗ 'ಜಂತುವಿನ ಬಾಧೆ' ಎಂಬ ತೀರ್ಪು ಇವಕ್ಕೂ ಅನ್ವಯವಾಗುತ್ತದೆ.

ಹುಟ್ಟು, ಆಹಾರ, ಜಾಗ, ಆಯಸ್ಸು ಎಲ್ಲದರಲ್ಲೂ ಬೇರೆಯಾದ ಈ ಜೀವಿಗಳಿಗೆಲ್ಲ ಒಂದೇ ಸೊಪ್ಪಿನ ರಸ ಮದ್ದು ಎಂದರೆ ಅನುಮಾನಿಸಬೇಕು. ಒಂದೇ ಮಾತ್ರೆ ಮದ್ದು ಎಂದರೂ ಅಷ್ಟೇ.

ಕಣ್ಣಾರೆ ಕಂಡದ್ದು

ಮೂಲಿಕೆಯ ಪರವಾಗಿ ಸಾಮಾನ್ಯವಾಗಿ ಮುಂದಿಡುವ ಸಾಕ್ಷ್ಯ 'ನಾನೇ ಕಣ್ಣಾರೆ ಕಂಡೆ' ಎಂಬುದು. ಕಷಾಯ ಕುಡಿಸಿದ ಮರುದಿನ ಹುಳು ಬಿತ್ತು, ನಾಯಿ ಗೆಲುವಾಯಿತು. ಹೇಳುವವರು ಸುಳ್ಳು ಹೇಳುತ್ತಿಲ್ಲ. ಆದರೆ ಇಲ್ಲಿ ಕಣ್ಣು ಮೂರು ರೀತಿಯಲ್ಲಿ ಮೋಸಹೋಗುತ್ತದೆ.

ಒಂದು, ಲಾಡಿಹುಳುವಿನ ವಿಷಯ. ಅದರ ದೇಹ ತುಂಡುತುಂಡಾಗಿ ಜೋಡಿಸಿದ ಸರಪಳಿ. ಜೀವ ಇರುವುದು ಕರುಳಿಗೆ ಕಚ್ಚಿಕೊಂಡ ಸಾಸಿವೆಗಿಂತ ಸಣ್ಣ ತಲೆಯಲ್ಲಿ. ಯಾವುದೇ ಜೋರಾದ ಭೇದಿಮದ್ದು ಕೊಟ್ಟರೂ ಸರಪಳಿ ಕಡಿದು ಮಾರುದ್ದ ಲಾಡಿ ಹೊರಬೀಳಬಹುದು. ತಲೆ ಒಳಗೇ ಉಳಿದರೆ ಕೆಲವು ವಾರಗಳಲ್ಲಿ ಮತ್ತೆ ಅಷ್ಟೇ ಉದ್ದ ಬೆಳೆಯುತ್ತದೆ. ಬಿದ್ದದ್ದನ್ನು ಕಂಡವರು ಗುಣವಾಯಿತೆಂದು ಊರಿಗೆಲ್ಲ ಹೇಳಿಯಾಗಿರುತ್ತದೆ.

ಇದಕ್ಕೆ ವಿರುದ್ಧವಾದ ಉದಾಹರಣೆ ಪ್ರಾಜಿಕ್ವಾಂಟೆಲ್. 1970ರ ದಶಕದಲ್ಲಿ ಜರ್ಮನಿಯಲ್ಲಿ ರೂಪುಗೊಂಡ ಈ ಔಷಧ ಲಾಡಿಹುಳುವಿನ ಹೊರಚರ್ಮವನ್ನೇ ಹಾಳುಗೆಡವುತ್ತದೆ. ರಕ್ಷಣೆ ಕಳೆದುಕೊಂಡ ಹುಳು ಕರುಳಿನ ರಸಗಳಲ್ಲಿ ಜೀರ್ಣವಾಗಿಬಿಡುತ್ತದೆ. ಆದ್ದರಿಂದ ಮಲದಲ್ಲಿ ಏನೂ ಕಾಣದೆ ಹೋಗುವುದೇ ಹೆಚ್ಚು. ಕಣ್ಣಳತೆಯಲ್ಲಿ ಅರ್ಧ ಕೆಲಸ ಮಾಡಿದ ಮದ್ದು ಗೆದ್ದಿತು, ಪೂರ್ತಿ ಕೆಲಸ ಮಾಡಿದ ಮದ್ದು ಸೋತಿತು!

ಎರಡು, ವಯಸ್ಸಿನ ವಿಷಯ. ಮರಿ ಬೆಳೆದಂತೆ ಅದರ ರೋಗನಿರೋಧಕ ಶಕ್ತಿಯೂ ಬೆಳೆಯುತ್ತದೆ. ಅನೇಕ ಮರಿಗಳು ಆರು ತಿಂಗಳಾಗುವಷ್ಟರಲ್ಲಿ ತಮ್ಮ ದುಂಡುಹುಳುಗಳಲ್ಲಿ ಬಹುಪಾಲನ್ನು ತಾವೇ ಹೊರಹಾಕುತ್ತವೆ. ಆ ಅವಧಿಯಲ್ಲಿ ಬೇವು ಕೊಟ್ಟವರಿಗೆ ಬೇವೇ ಕಾರಣ, ಅರಿಸಿನ ಕೊಟ್ಟವರಿಗೆ ಅರಿಸಿನವೇ ಕಾರಣ. ಏನೂ ಕೊಡದ ಪಕ್ಕದ ಮನೆಯ ಮರಿಯನ್ನು ಯಾರೂ ಗಮನಿಸುವುದಿಲ್ಲ.

ಮೂರು, ಬಿದ್ದದ್ದು ಕಾಣುತ್ತದೆ, ಉಳಿದದ್ದು ಕಾಣುವುದಿಲ್ಲ. ಈ ತೊಡಕನ್ನು ಬಿಡಿಸಿದವರು ಅಮೆರಿಕದ ಪಶುವೈದ್ಯ ಪರಾವಲಂಬಿ ತಜ್ಞ ಮಾರಿಸ್ ಹಾಲ್. 1918ರಲ್ಲಿ ಹಾಲ್ ಮತ್ತು ಫಾಸ್ಟರ್ ಒಂದು ಕಠಿಣ ಪರೀಕ್ಷಾವಿಧಾನವನ್ನು ಮುಂದಿಟ್ಟರು. ಔಷಧ ಕೊಟ್ಟ ನಾಯಿಯ ಮಲದಲ್ಲಿ ಬಿದ್ದ ಹುಳುಗಳನ್ನೆಲ್ಲ ಎಣಿಸುವುದು. ಆಮೇಲೆ ಆ ನಾಯಿಯ ಶವಪರೀಕ್ಷೆ ಮಾಡಿ ಕರುಳಿನಲ್ಲಿ ಉಳಿದವನ್ನೂ ಎಣಿಸುವುದು. ಬಿದ್ದವು 40, ಉಳಿದವು 60 ಎಂದಾದರೆ ಔಷಧದ ಸಾಮರ್ಥ್ಯ ಶೇಕಡ 40. ಅದುವರೆಗೆ ಬಿದ್ದ 40ನ್ನು ಕಂಡು ಎಲ್ಲರೂ ಸಂಭ್ರಮಿಸುತ್ತಿದ್ದರು.

ಆ ಕಾಲದಲ್ಲಿ ಕೊಕ್ಕೆಹುಳುವಿಗೆ ಮನುಷ್ಯರಿಗೂ ನಾಯಿಗಳಿಗೂ ಕೊಡುತ್ತಿದ್ದದ್ದು ಕೀನೊಪೋಡಿಯಮ್ ಎಣ್ಣೆ, ಅಪ್ಪಟ ಗಿಡಮೂಲಿಕೆ. ಹುಳು ಬೀಳಿಸುತ್ತಿತ್ತು, ಪ್ರಮಾಣ ಸ್ವಲ್ಪ ಹೆಚ್ಚಾದರೆ ರೋಗಿಯನ್ನೂ ಬೀಳಿಸುತ್ತಿತ್ತು. 1921ರಲ್ಲಿ ಹಾಲ್ ಅದರ ಜಾಗಕ್ಕೆ ನಾಯಿಗಳ ಮೇಲೆ ಪರೀಕ್ಷಿಸಿ ತಂದದ್ದು ಕಾರ್ಬನ್ ಟೆಟ್ರಾಕ್ಲೋರೈಡ್, ಅಪ್ಪಟ ರಾಸಾಯನಿಕ. ಅದು ಯಕೃತ್ತಿಗೆ ವಿಷವೆಂದು ತಿಳಿದ ಮೇಲೆ ಅದನ್ನೂ ಕೈಬಿಡಬೇಕಾಯಿತು. ಇಂದು ಇವೆರಡನ್ನೂ ಯಾವ ಪಶುವೈದ್ಯರೂ ಬರೆದುಕೊಡುವುದಿಲ್ಲ. ಹುಟ್ಟು ಬೇರೆಬೇರೆ, ಆದರೆ ತೂಗಿದ ತಕ್ಕಡಿ ಒಂದೇ.

ಅಡಿಕೆಯ ಕಥೆ

ನಮ್ಮ ಮಲೆನಾಡು–ಕರಾವಳಿಯ ಓದುಗರಿಗೆ ಹತ್ತಿರವಾದ ಒಂದು ಉದಾಹರಣೆಯನ್ನು ತುಸು ವಿವರವಾಗಿ ನೋಡೋಣ. ಒಂದು ಮೂಲಿಕೆ ಪರೀಕ್ಷೆಗೆ ಒಳಪಟ್ಟರೆ ಅದರ ಗತಿ ಏನಾಗಬಹುದೆಂಬುದಕ್ಕೆ ಅಡಿಕೆ ಒಳ್ಳೆಯ ನಿದರ್ಶನ.

ಅಡಿಕೆಪುಡಿ ನಾಯಿಯ ಲಾಡಿಹುಳುವಿಗೆ ಮದ್ದೆಂಬುದು ಭಾರತ, ಚೀನಗಳಲ್ಲಿ ಹಳೆಯ ತಿಳಿವಳಿಕೆ. ಬ್ರಿಟಿಷ್ ಪಶುವೈದ್ಯರೂ ಇದನ್ನು ತಮ್ಮ ಔಷಧಪೆಟ್ಟಿಗೆಗೆ ಸೇರಿಸಿಕೊಂಡಿದ್ದರು. ಅದರಲ್ಲಿ ಸತ್ವವಿತ್ತು. 19ನೆಯ ಶತಮಾನದ ಕೊನೆಯ ಭಾಗದಲ್ಲಿ ಜರ್ಮನಿಯಲ್ಲಿ ಅಡಿಕೆಯಿಂದ ಅರೆಕೊಲಿನ್ ಎಂಬ ಆಲ್ಕಲಾಯ್ಡನ್ನು ಬೇರ್ಪಡಿಸಲಾಯಿತು. ಇದು ಎರಡು ಕೆಲಸ ಮಾಡುತ್ತದೆ. ಲಾಡಿಹುಳುವಿನ ಸ್ನಾಯುಗಳನ್ನು ಸ್ವಲ್ಪ ಹೊತ್ತು ನಿಷ್ಕ್ರಿಯಗೊಳಿಸುತ್ತದೆ; ಅದೇ ಹೊತ್ತಿನಲ್ಲಿ ನಾಯಿಯ ಕರುಳನ್ನು ಬಲವಾಗಿ ಕುಲುಕುತ್ತದೆ. ಹುಳು ಚೇತರಿಸಿಕೊಳ್ಳುವ ಮೊದಲೇ ಹೊರದಬ್ಬಲ್ಪಡುತ್ತದೆ. ಅದು ಸಾಯುವುದಿಲ್ಲ, ಹೊರಬೀಳುತ್ತದೆ ಅಷ್ಟೆ.

ಇದನ್ನು ರಾಷ್ಟ್ರಮಟ್ಟದಲ್ಲಿ ಬಳಸಿದ್ದು ಅಡಿಕೆ ಬೆಳೆಯದ ನ್ಯೂಜಿಲೆಂಡ್. ಆ ಕುರಿಸಾಕಣೆಯ ದೇಶದಲ್ಲಿ ನಾಯಿಗಳಿಗೆ ಕುರಿಯ ಹಸಿ ಶ್ವಾಸಕೋಶ, ಯಕೃತ್ತುಗಳನ್ನು ಹಾಕುವ ರೂಢಿಯಿತ್ತು. ಅದರಿಂದ ಎಕೈನೊಕಾಕಸ್ ಎಂಬ ಅರ್ಧ ಸೆಂಟಿಮೀಟರಿನ ಲಾಡಿಹುಳು ನಾಯಿಗೆ ಅಂಟಿ, ಅದರ ಮೊಟ್ಟೆಗಳಿಂದ ಮನುಷ್ಯರ ಯಕೃತ್ತು, ಶ್ವಾಸಕೋಶಗಳಲ್ಲಿ ಹೈಡಾಟಿಡ್ ಗೆಡ್ಡೆಗಳು ಬೆಳೆಯುತ್ತಿದ್ದವು. 1959ರಲ್ಲಿ ಅಲ್ಲಿ ಇದಕ್ಕಾಗಿಯೇ ಒಂದು ಕಾಯಿದೆ ಬಂತು. ನಾಯಿಗಳನ್ನು ಗೊತ್ತಾದ ಜಾಗಕ್ಕೆ ಕರೆತಂದು, ಅರೆಕೊಲಿನ್ ಕುಡಿಸಿ, ಭೇದಿ ಮಾಡಿಸಿ, ಆ ಮಲವನ್ನು ಪರೀಕ್ಷಿಸಲಾಗುತ್ತಿತ್ತು. ಯಾರ ನಾಯಿಯಲ್ಲಿ ಹುಳು ಇದೆ ಎಂಬುದು ಆಗ ಕಾಗದದ ಮೇಲೆ ದಾಖಲಾಯಿತು.

ಅಲ್ಲಿ ಅರೆಕೊಲಿನ್ ತನ್ನ ಗುಣವನ್ನೂ ದೋಷವನ್ನೂ ತೋರಿಸಿತು. ಕೊಟ್ಟ ಎಲ್ಲ ನಾಯಿಗಳೂ ಭೇದಿ ಮಾಡಲಿಲ್ಲ. ಭೇದಿ ಮಾಡಿದವುಗಳಿಂದಲೂ ಎಲ್ಲ ಹುಳುಗಳು ಬೀಳಲಿಲ್ಲ. ವಾಂತಿ, ಜೊಲ್ಲು, ಹೊಟ್ಟೆನುಲಿ, ಕೆಲವು ನಾಯಿಗಳಲ್ಲಿ ಕುಸಿದುಬೀಳುವಿಕೆ ಇವೂ ಜೊತೆಗಿದ್ದವು. ಬೆಕ್ಕುಗಳಿಗಂತೂ ಅದು ಸಲ್ಲದ ಔಷಧ. ಮೇಲಾಗಿ ಹೊರಬಿದ್ದ ಮಲದ ತುಂಬ ಜೀವಂತ ಮೊಟ್ಟೆಗಳು. 1970ರ ದಶಕದಲ್ಲಿ ಉತ್ತಮ ಔಷಧಗಳು ಬಂದಾಗ ಅದು ಹಿಂದೆ ಸರಿಯಿತು. ನಿಯತವಾಗಿ ಔಷಧ ಕೊಟ್ಟು, ಹಸಿ ಅಂಗಾಂಗಗಳನ್ನು ನಾಯಿಗೆ ಹಾಕುವುದನ್ನು ತಡೆದ ಫಲವಾಗಿ, 2002ರಲ್ಲಿ ನ್ಯೂಜಿಲೆಂಡ್ ತಾನು ಹೈಡಾಟಿಡ್‌ನಿಂದ ತಾತ್ಕಾಲಿಕವಾಗಿ ಮುಕ್ತವೆಂದು ಘೋಷಿಸಿಕೊಂಡಿತು.

ಈಗ ಮನೆಮದ್ದಿಗೆ ಬರೋಣ. 'ನಾಯಿಗೆ ಅರ್ಧ ಅಡಿಕೆ ತೇದು ಕೊಡಿ' ಎಂಬ ಸಲಹೆ ಈಗಲೂ ಕೇಳಿಬರುತ್ತದೆ. ಯಾವ ಅಡಿಕೆ? ಎಳೆಯ ಕಾಯಿಯನ್ನು ಸುಲಿದು ಬೇಯಿಸಿ ಒಣಗಿಸಿದ ಕೆಂಪಡಿಕೆಯೋ, ಹಣ್ಣಡಿಕೆಯನ್ನು ಬಿಸಿಲಲ್ಲಿ ಒಣಗಿಸಿದ ಚಾಲಿಯೋ? ಬೇಯಿಸುವಾಗ ಆಲ್ಕಲಾಯ್ಡಿನ ಒಂದಂಶ ಚೊಗರಿಗೆ ಹೋಗುತ್ತದೆ. ತಳಿ, ಬಲಿತ ಮಟ್ಟ, ಸಂಸ್ಕರಣೆ ಇವುಗಳಿಗೆ ತಕ್ಕಂತೆ ಅರೆಕೊಲಿನ್ ಪ್ರಮಾಣ ಬದಲಾಗುತ್ತದೆ. ಅರ್ಧ ಅಡಿಕೆ ಒಂದು ಮನೆಯಲ್ಲಿ ಏನೂ ಮಾಡದಿರಬಹುದು, ಪಕ್ಕದ ಮನೆಯಲ್ಲಿ ನಾಯಿಯನ್ನು ಕೆಡವಬಹುದು. ಅಡಿಕೆಯ ಗುಣ ನಿಜ, ಅದರ ಅಳತೆ ಕೈಯಲ್ಲಿಲ್ಲ. ಮೂಲಿಕೆ ಚಿಕಿತ್ಸೆಯ ಮುಖ್ಯ ತೊಡಕೇ ಇದು.

ಉಳಿದ ಮೂಲಿಕೆಗಳು

ಆಯುರ್ವೇದದಲ್ಲಿ ಕ್ರಿಮಿಹರವೆಂದು ಹೆಸರಾದವುಗಳಲ್ಲಿ ವಾಯುವಿಳಂಗ ಮೊದಲಿನದು. ಅದರ ಮುಖ್ಯ ಅಂಶ ಎಂಬೆಲಿನ್. ಇದೇ ಅಂಶಕ್ಕೆ ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಸಂತಾನಶಕ್ತಿ ಕುಗ್ಗಿಸುವ ಗುಣವೂ ಕಂಡುಬಂದಿದೆ. ಗರ್ಭ ಕಟ್ಟಿದ ನಾಯಿಗೆ ಕೊಡುವ ಮುನ್ನ ಇದನ್ನು ಯೋಚಿಸಬೇಡವೇ? ಮುತ್ತುಗದ ಬೀಜದಲ್ಲಿರುವ ಪಲಾಸೊನಿನ್, ರಚನೆಯಲ್ಲಿ ಕ್ಯಾಂಥರಿಡಿನ್ ಎಂಬ ಬೊಬ್ಬೆ ಎಬ್ಬಿಸುವ ವಸ್ತುವಿನ ಹತ್ತಿರದ ನಂಟ. ರೇಷ್ಮೆಗೆ ಬಣ್ಣ ಕಟ್ಟಲು ಬಳಸುವ ಕಂಪಿಲ್ಲಕದ ಕೆಂಪುಪುಡಿ ಲಾಡಿಹುಳುವಿನ ಮದ್ದೂ ಹೌದು, ಬಲವಾದ ಭೇದಿಮದ್ದೂ ಹೌದು. ಇವುಗಳಲ್ಲಿ ಕ್ರಿಯಾಶಕ್ತಿ ಇದೆ, ಆದ್ದರಿಂದಲೇ ಇವು ನಿರಪಾಯಕಾರಿ ಎನ್ನಲಾಗದು. ಏನನ್ನೂ ಮಾಡದ ವಸ್ತುವೊಂದೇ ಪೂರ್ತಿ ನಿರಪಾಯ.

ಆರ್ಟಿಮಿಸಿಯ ಜಾತಿಯ ಗಿಡದಿಂದ ತೆಗೆದ ಸ್ಯಾಂಟೊನಿನ್ ನೂರು ವರ್ಷಕ್ಕೂ ಹೆಚ್ಚು ಕಾಲ ದುಂಡುಹುಳುವಿನ ಪ್ರಸಿದ್ಧ ಮದ್ದಾಗಿತ್ತು. ಅದನ್ನು ಸೇವಿಸಿದವರಿಗೆ ಲೋಕವೆಲ್ಲ ಹಳದಿಯಾಗಿ ಕಾಣುತ್ತಿತ್ತು. 1950ರ ದಶಕದಲ್ಲಿ ಪಿಪರಜೀನ್ ಬಂದ ಮೇಲೆ ಅದು ಮರೆಗೆ ಸರಿಯಿತು.

ಕುಂಬಳಬೀಜದ ಪರವಾಗಿ ಒಂದು ಒಳ್ಳೆಯ ಸಾಕ್ಷ್ಯವಿದೆ. ಚೀನದ ಸಿಚುವಾನ್ ಪ್ರಾಂತದಲ್ಲಿ ಕುಂಬಳಬೀಜ ಮತ್ತು ಅಡಿಕೆಸಾರವನ್ನು ಒಟ್ಟಾಗಿ ಕೊಟ್ಟು ಲಾಡಿಹುಳು ಬೀಳಿಸಿದ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಆದರೆ ಅಲ್ಲಿನ ರೋಗಿಗಳು ಮನುಷ್ಯರು, ಹುಳು ಟೀನಿಯ, ಮದ್ದು ಎರಡರ ಜೋಡಿ. ಇದನ್ನು ಹಿಡಿದು ಮರಿನಾಯಿಯ ಕೊಕ್ಕೆಹುಳುವಿಗೆ ಒಂದು ಚಮಚ ಕುಂಬಳಬೀಜದ ಪುಡಿ ಸಾಕೆನ್ನುವುದು ಒಂದು ಊರಿನ ಬಸ್ಸಿನ ಚೀಟಿ ತೋರಿಸಿ ಇನ್ನೊಂದು ಊರಿಗೆ ಹೋಗಲು ಹೊರಟಂತೆ.

ಪಪ್ಪಾಯಿಯ ವಿಷಯದಲ್ಲಿ ಸಂಶೋಧನೆಯ ಭರವಸೆ ಇರುವುದು ಬೀಜಕ್ಕಿಂತ ಹೆಚ್ಚಾಗಿ ಹಾಲಿನಲ್ಲಿ. ಅದರಲ್ಲಿರುವ ಪ್ರೋಟೀನ್ ಕರಗಿಸುವ ಕಿಣ್ವಗಳು ಹುಳುವಿನ ಹೊರಕವಚವನ್ನೇ ಜೀರ್ಣಿಸುತ್ತವೆ ಎಂಬುದನ್ನು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ತಂಡ 2000ದ ದಶಕದಲ್ಲಿ ತೋರಿಸಿತು. ಈಗಿನ ಮಾತ್ರೆಗಳಿಗಿಂತ ಪೂರ್ತಿ ಬೇರೆಯಾದ ದಾರಿ ಇದು. ಜಠರದ ಆಮ್ಲವನ್ನು ದಾಟಿ ಕಿಣ್ವ ಕರುಳಿಗೆ ತಲಪುವಂತೆ ಮಾಡುವುದು ಅಲ್ಲಿನ ಸವಾಲು. ಬೇವಿನ ಹೆಸರು ಕೀಟಗಳ ವಿರುದ್ಧ ದೊಡ್ಡದು. ನಾಯಿಯ ಕರುಳಿನ ಹುಳುಗಳ ವಿರುದ್ಧ ಅದರ ಸಾಕ್ಷ್ಯ ತೆಳು.

ಬೆಳ್ಳುಳ್ಳಿಯ ಬಗ್ಗೆ ಮಾತ್ರ ಸ್ಪಷ್ಟವಾಗಿ ಬೇಡ ಎನ್ನಬೇಕು. ಈರುಳ್ಳಿ–ಬೆಳ್ಳುಳ್ಳಿಗಳ ಗಂಧಕಯುಕ್ತ ಸಂಯುಕ್ತಗಳು ನಾಯಿ, ಬೆಕ್ಕುಗಳ ಕೆಂಪು ರಕ್ತಕಣಗಳನ್ನು ಹಾನಿಗೊಳಿಸುತ್ತವೆ. 2000ದಲ್ಲಿ ಜಪಾನಿನ ಸಂಶೋಧಕರು ಪ್ರಕಟಿಸಿದ ಪ್ರಯೋಗದಲ್ಲಿ, ದೇಹತೂಕದ ಪ್ರತಿ ಕಿಲೋಗ್ರಾಂಗೆ 5 ಗ್ರಾಂ ಬೆಳ್ಳುಳ್ಳಿಗೆ ಸಮನಾದ ಸಾರವನ್ನು ಏಳು ದಿನ ಕೊಟ್ಟಾಗ ನಾಯಿಗಳ ಕೆಂಪುಕಣಗಳು ವಿಕಾರಗೊಂಡು ಅವುಗಳ ಸಂಖ್ಯೆಯೂ ಇಳಿಯಿತು. ಅದು ದೊಡ್ಡ ಪ್ರಮಾಣವೆಂಬುದು ನಿಜ. ಆದರೆ ಕೊಕ್ಕೆಹುಳುವಿನಿಂದ ಮೊದಲೇ ರಕ್ತ ಕಳೆದುಕೊಂಡ ಮರಿಗೆ, ಅಳತೆಯಿಲ್ಲದೆ, ದಿನವೂ ಬೆಳ್ಳುಳ್ಳಿ ಕೊಡುವುದರ ಅರ್ಥವೇನೆಂದು ಯೋಚಿಸಿ. ಬೆಕ್ಕುಗಳದಂತೂ ಇನ್ನೂ ಸೂಕ್ಷ್ಮ ದೇಹ. ಅವುಗಳ ಯಕೃತ್ತಿನಲ್ಲಿ ಫೀನಾಲ್‌ನಂಥ ವಸ್ತುಗಳನ್ನು ನಿರ್ವಿಷಗೊಳಿಸುವ ಒಂದು ಮುಖ್ಯ ಕಿಣ್ವದ ಕೊರತೆಯಿದೆ. ಗಿಡಗಳ ಸುಗಂಧತೈಲಗಳು ಅವಕ್ಕೆ ವಿಷವಾಗುವುದು ಇದರಿಂದಲೇ.

'ಸಹಜ' ಎಂಬ ಪದ

ಸಹಜ–ರಾಸಾಯನಿಕ ಎಂಬ ಗೆರೆಯಾದರೂ ಎಲ್ಲಿದೆ? ಐವರ್‌ಮೆಕ್ಟಿನ್ ಬಂದದ್ದು ಜಪಾನಿನ ಕವಾನ ಎಂಬಲ್ಲಿ ಹೆಕ್ಕಿದ ಮಣ್ಣಿನಲ್ಲಿದ್ದ ಒಂದು ಸ್ಟ್ರೆಪ್ಟೊಮೈಸಿಸ್ ಬ್ಯಾಕ್ಟೀರಿಯದಿಂದ. ಅದಕ್ಕಾಗಿ ಸತೋಷಿ ಒಮುರ ಮತ್ತು ವಿಲಿಯಂ ಕ್ಯಾಂಪ್‌ಬೆಲ್ ಅವರಿಗೆ 2015ರ ನೊಬೆಲ್ ಬಹುಮಾನ ಬಂತು. ಅದೇ ವರ್ಷದ ಬಹುಮಾನದ ಇನ್ನರ್ಧ, ಆರ್ಟಿಮಿಸಿಯ ಗಿಡದಿಂದ ಮಲೇರಿಯಾ ಔಷಧವನ್ನು ಹೊರತೆಗೆದ ತೂ ಯೂಯೂ ಅವರಿಗೆ. 2005ರಲ್ಲಿ ಬೆಕ್ಕುಗಳಿಗಾಗಿ ಮಾರುಕಟ್ಟೆಗೆ ಬಂದ ಎಮೊಡೆಪ್ಸೈಡ್‌ನ ಮೂಲವಸ್ತು ಸಿಕ್ಕಿದ್ದು ಕ್ಯಾಮೆಲಿಯ ಗಿಡದ ಎಲೆಯ ಮೇಲೆ ಬೆಳೆಯುವ ಒಂದು ಶಿಲೀಂಧ್ರದಲ್ಲಿ.

ಇವೆಲ್ಲ 'ಸಹಜ'ವೇ. ಆದರೆ ಅವುಗಳಿಗೆ ಬೆಲೆ ಬಂದದ್ದು ಮಣ್ಣಿನಿಂದ, ಎಲೆಯಿಂದ ಬಂದ ಕಾರಣಕ್ಕಲ್ಲ. ಒಳಗಿನ ಅಂಶವನ್ನು ಗುರುತಿಸಿ, ಅಳೆದು, ಬೇಕಾದಲ್ಲಿ ತಿದ್ದಿ, ಹುಳುಗಳನ್ನು ಎಣಿಸಿ ನೋಡಿದ ಕಾರಣಕ್ಕೆ. ಮೂಲಿಕೆಗಳ ಬಗ್ಗೆ ನಿಜವಾದ ಗೌರವ ಉಳ್ಳವರು ಅವುಗಳಿಗೆ ಈ ಪರೀಕ್ಷೆಯನ್ನು ಬಯಸಬೇಕು, ವಿನಾಯಿತಿಯನ್ನಲ್ಲ.

ಮಾತ್ರೆಯ ಲೆಕ್ಕ

ಇನ್ನು ಮಾತ್ರೆಯ ಪಕ್ಷ. ಅದರ ಹಿಂದೆ ಪರೀಕ್ಷೆಗಳ ಬಲವಿದೆ ನಿಜ, ಆದರೆ ಬಳಸುವ ಕ್ರಮ ಬಹಳ ಸಲ ಮೂಲಿಕೆಯವರಷ್ಟೇ ಕುರುಡು.

ಮೊದಲಿಗೆ, ಯಾವ ಮಾತ್ರೆಯೂ ಎಲ್ಲ ಹುಳುಗಳಿಗೆ ಆಗುವುದಿಲ್ಲ. ಪಿಪರಜೀನ್ ದುಂಡುಹುಳುವಿಗೆ ಮಾತ್ರ. ಪೈರಾಂಟೆಲ್ ದುಂಡುಹುಳು ಮತ್ತು ಕೊಕ್ಕೆಹುಳುವಿಗೆ, ಲಾಡಿಹುಳುವಿಗೆ ನಾಟುವುದಿಲ್ಲ. ಪ್ರಾಜಿಕ್ವಾಂಟೆಲ್ ಲಾಡಿಹುಳುವಿಗೆ, ದುಂಡುಹುಳುವಿಗೆ ಇಲ್ಲ. ಫೆನ್‌ಬೆಂಡಜೋಲ್ ಅನ್ನು ಮೂರು ದಿನ ಕೊಟ್ಟರೆ ದುಂಡು, ಕೊಕ್ಕೆ, ಚಾಟಿಹುಳುಗಳೂ ಕೆಲವು ಲಾಡಿಹುಳುಗಳೂ ಹೋಗುತ್ತವೆ. ಚಿಗಟದಿಂದ ಬರುವ ಲಾಡಿಹುಳು ಮಾತ್ರ ಉಳಿಯುತ್ತದೆ. ಅಂಗಡಿಯಲ್ಲಿ 'ಹುಳುವಿನ ಮಾತ್ರೆ ಕೊಡಿ' ಎಂದು ಕೇಳಿ ತರುವವರು ಇವುಗಳಲ್ಲಿ ಯಾವುದನ್ನು ತಂದರು?

ಎರಡನೆಯದಾಗಿ, ಮಾತ್ರೆಗಳು ಕೊಲ್ಲುವುದು ಬಹುಪಾಲು ಕರುಳಿನಲ್ಲಿರುವ ಹುಳುಗಳನ್ನು. ಅಂಗಾಂಶಗಳಲ್ಲಿ ನಿದ್ರಿಸುವ ಲಾರ್ವಗಳು ಸಾಮಾನ್ಯ ಪ್ರಮಾಣಕ್ಕೆ ಜಗ್ಗುವುದಿಲ್ಲ. ಮರಿಗೆ ಎರಡನೆಯ ವಾರದಿಂದ ಆರಂಭಿಸಿ ಎರಡು ವಾರಗಳಿಗೊಮ್ಮೆ, ಹಾಲು ಬಿಡುವವರೆಗೆ ಔಷಧ ಕೊಡಬೇಕೆನ್ನುವುದು ಇದಕ್ಕಾಗಿ. ಬೆಕ್ಕಿನ ಮರಿಗಳಿಗೆ ದುಂಡುಹುಳು ಗರ್ಭದಲ್ಲಿ ಬರುವುದಿಲ್ಲ, ಹಾಲಿನಲ್ಲಿ ಬರುತ್ತದೆ. ಅವಕ್ಕೆ ಮೂರನೆಯ ವಾರದಿಂದ. 'ಮೂರು ತಿಂಗಳಾಗಲಿ, ಆಮೇಲೆ ನೋಡೋಣ' ಎಂದು ಕಾಯುವ ಮನೆಗಳಲ್ಲಿ ಅಪಾಯದ ಕಾಲ ಆಗಲೇ ಕಳೆದುಹೋಗಿರುತ್ತದೆ.

ಮೂರನೆಯದಾಗಿ, ತೂಕ. ಕಣ್ಣಂದಾಜಿನಿಂದ ಕಡಿಮೆ ಪ್ರಮಾಣ ಕೊಟ್ಟರೆ ದುರ್ಬಲ ಹುಳುಗಳು ಸತ್ತು ಗಟ್ಟಿಯವು ಉಳಿಯುತ್ತವೆ. ಇದರ ಫಲ ಈಗಾಗಲೇ ಕಂಡಿದೆ. ಆಸ್ಟ್ರೇಲಿಯದಲ್ಲಿ ಪೈರಾಂಟೆಲ್‌ಗೆ ಬಗ್ಗದ ಕೊಕ್ಕೆಹುಳುಗಳ ವರದಿ 2007ರಲ್ಲಿ ಬಂತು. ಅಮೆರಿಕದ ಓಟದ ಗ್ರೇಹೌಂಡ್ ನಾಯಿಗಳಲ್ಲಿ ಮೂರು ಬೇರೆಬೇರೆ ವರ್ಗದ ಔಷಧಗಳಿಗೂ ಬಗ್ಗದ ಕೊಕ್ಕೆಹುಳುಗಳಿರುವುದು 2019ರಲ್ಲಿ ಪ್ರಕಟವಾಯಿತು. ಪರೀಕ್ಷಿಸದೆ ಪದೇಪದೇ ಔಷಧ ಸುರಿದ ಜಾಗದಲ್ಲೇ ಇವು ಬೆಳೆದವು.

ಕಣ್ಣಂದಾಜು ಹೆಚ್ಚಾದರೂ ಕೇಡು. ಕೋಲಿ ಮತ್ತು ಅದರ ಸಂಬಂಧಿ ತಳಿಗಳ ಅನೇಕ ನಾಯಿಗಳಲ್ಲಿ, ಮೆದುಳಿನೊಳಕ್ಕೆ ಔಷಧ ನುಗ್ಗದಂತೆ ಕಾಯುವ ಪ್ರೋಟೀನಿನ ಜೀನ್ ಕೆಟ್ಟಿರುತ್ತದೆ. ಈ ದೋಷವನ್ನು 2001ರಲ್ಲಿ ಗುರುತಿಸಲಾಯಿತು. ಹೃದಯದ ಹುಳುವನ್ನು ತಡೆಯಲು ಬೇಕಾದ ಪ್ರಮಾಣ, ಅಂದರೆ ಕಿಲೋಗ್ರಾಂಗೆ 6 ಮೈಕ್ರೊಗ್ರಾಂ ಐವರ್‌ಮೆಕ್ಟಿನ್, ಇಂಥ ನಾಯಿಗಳಿಗೂ ಸುರಕ್ಷಿತ. 100 ಮೈಕ್ರೊಗ್ರಾಂ ದಾಟಿದರೆ ನಡುಕ, ಕುರುಡು, ಪ್ರಜ್ಞಾಹೀನತೆ. ದನಕ್ಕೆ ತಂದ ಚುಚ್ಚುಮದ್ದನ್ನು ನಾಯಿಗೂ ಸ್ವಲ್ಪ ಕೊಡುವವರು ಇದನ್ನು ನೆನಪಿಡಬೇಕು.

ನಾಲ್ಕನೆಯದಾಗಿ, ಮಾತ್ರೆ ನುಂಗಿದ ನಾಯಿ ಅದೇ ಅಂಗಳಕ್ಕೆ ಮರಳುತ್ತದೆ. ಚಿಗಟ ಉಳಿದರೆ ಲಾಡಿಹುಳು ಮೂರು ವಾರದಲ್ಲಿ ಮತ್ತೆ ಹಾಜರು. 'ಮಾತ್ರೆ ಕೆಲಸ ಮಾಡಲಿಲ್ಲ' ಎಂಬ ದೂರಿನ ಹಿಂದೆ ಬಹಳ ಸಲ ಇರುವುದು ಚಿಗಟ.

ಎಣಿಸುವುದು ಹೇಗೆ?

ಇಂದು ಹುಳು ಎಣಿಸಲು ನಾಯಿಯನ್ನು ಕೊಲ್ಲಬೇಕಾಗಿಲ್ಲ. ಹುಳುವಿನ ಮೊಟ್ಟೆಗಳು ನೀರಿಗಿಂತ ಭಾರ, ಉಪ್ಪಿನ ಪರ್ಯಾಪ್ತ ದ್ರಾವಣಕ್ಕಿಂತ ಹಗುರ. 4 ಗ್ರಾಂ ಮಲವನ್ನು ಅಂಥ ದ್ರಾವಣದಲ್ಲಿ ಕದಡಿ ಒಟ್ಟು 60 ಮಿಲಿಲೀಟರ್ ಮಾಡಿ, ಸೋಸಿ, ಮ್ಯಾಕ್‌ಮಾಸ್ಟರ್ ಗಾಜುಫಲಕದ 0.15 ಮಿಲಿಲೀಟರಿನ ಎರಡು ಕೋಣೆಗಳಲ್ಲಿ ತುಂಬಿದರೆ ಮೊಟ್ಟೆಗಳು ಮೇಲಕ್ಕೆ ತೇಲುತ್ತವೆ. ಸೂಕ್ಷ್ಮದರ್ಶಕದಲ್ಲಿ ಎರಡೂ ಕೋಣೆಗಳ ಮೊಟ್ಟೆಗಳನ್ನು ಎಣಿಸಿ 50ರಿಂದ ಗುಣಿಸಿದರೆ ಒಂದು ಗ್ರಾಂ ಮಲದಲ್ಲಿರುವ ಮೊಟ್ಟೆಗಳ ಸಂಖ್ಯೆ ಸಿಗುತ್ತದೆ. ಔಷಧ ಕೊಡುವ ಮೊದಲು ಒಮ್ಮೆ, ಹತ್ತರಿಂದ ಹದಿನಾಲ್ಕು ದಿನಗಳ ಮೇಲೆ ಇನ್ನೊಮ್ಮೆ ಎಣಿಸಬೇಕು. ಉದಾಹರಣೆಗೆ, 1000 ಇದ್ದದ್ದು 50ಕ್ಕೆ ಇಳಿದರೆ ಶೇಕಡ 95 ಇಳಿಕೆ. ಔಷಧ ಪರೀಕ್ಷೆಯಾದರೆ, ಮದ್ದು ಕೊಡದ ಸಮವಯಸ್ಸಿನ ಮರಿಗಳನ್ನೂ ಜೊತೆಗಿಟ್ಟು ಎಣಿಸಬೇಕು. ಇಲ್ಲದಿದ್ದರೆ ವಯಸ್ಸಿನ ಫಲ ಮದ್ದಿನ ಖಾತೆಗೆ ಜಮೆಯಾಗುತ್ತದೆ.

ಈ ವಿಧಾನಕ್ಕೂ ಮಿತಿಯಿದೆ. ಲಾಡಿಹುಳುವಿನ ಮೊಟ್ಟೆಗಳು ತುಂಡುಗಳೊಳಗೇ ಉಳಿದು ತಪ್ಪಿಹೋಗಬಹುದು. ಎಳೆಮರಿಯಲ್ಲಿ ಹುಳುಗಳಿನ್ನೂ ಮೊಟ್ಟೆಯಿಡುತ್ತಿಲ್ಲದಿರಬಹುದು. ಅದಕ್ಕಾಗಿಯೇ ಮರಿಗಳಿಗೆ ಪರೀಕ್ಷೆಗೆ ಕಾಯದೆ ಔಷಧ, ಬೆಳೆದ ನಾಯಿಗಳಿಗೆ ಪರೀಕ್ಷೆ ನೋಡಿ ಔಷಧ ಎಂಬ ಕ್ರಮ ವಿವೇಕದ್ದು.

ಅಂಗಳದ ಮಕ್ಕಳು

ಇದು ನಾಯಿಯೊಂದರ ಪ್ರಶ್ನೆಯಾಗಿದ್ದರೆ ಇಷ್ಟು ಬರೆಯಬೇಕಾಗಿರಲಿಲ್ಲ. ಟಾಕ್ಸೊಕಾರದ ಒಂದು ಹೆಣ್ಣು ದಿನಕ್ಕೆ ಹತ್ತಾರು ಸಾವಿರ ಮೊಟ್ಟೆಗಳನ್ನಿಡುತ್ತದೆ. ಅವು ಕೆಲವು ವಾರ ಮಣ್ಣಿನಲ್ಲಿ ಬಲಿತು ಸೋಂಕಿಗೆ ಸಿದ್ಧವಾಗುತ್ತವೆ, ವರ್ಷಗಟ್ಟಲೆ ಬದುಕಿರುತ್ತವೆ. ಮಣ್ಣಾಡಿದ ಕೈಯನ್ನು ಬಾಯಿಗಿಡುವ ಮಗುವಿನ ದೇಹದಲ್ಲಿ ಆ ಲಾರ್ವಗಳು ಅಲೆದಾಡಿ ಯಕೃತ್ತಿಗೂ, ಕೆಲವೊಮ್ಮೆ ಕಣ್ಣಿಗೂ ಹೋಗುತ್ತವೆ; ದೃಷ್ಟಿ ಕಳೆದುಕೊಂಡವರಿದ್ದಾರೆ. ಕೊಕ್ಕೆಹುಳುವಿನ ಲಾರ್ವಗಳು ಬರಿಗಾಲಿನ ಚರ್ಮವನ್ನು ಕೊರೆದು ತುರಿಕೆಯ ಗೆರೆಗಳನ್ನೆಬ್ಬಿಸುತ್ತವೆ. ದಕ್ಷಿಣ ಏಷ್ಯದ ನಾಯಿ–ಬೆಕ್ಕುಗಳಲ್ಲಿರುವ ಆಂಕಿಲೊಸ್ಟೋಮ ಸಿಲಾನಿಕಮ್ ಮನುಷ್ಯರ ಕರುಳಿನಲ್ಲಿ ಪೂರ್ತಿ ಬೆಳೆಯಬಲ್ಲದು. ಕೆಲಸ ಮಾಡದ ಮದ್ದನ್ನು ಮಾಡುತ್ತದೆಂದು ನಂಬಿ ಕುಳಿತರೆ ಬೆಲೆ ತೆರುವವರಲ್ಲಿ ಇವರೂ ಸೇರಿರುತ್ತಾರೆ.

ಹಾಗಾದರೆ ಏನು ಮಾಡಬೇಕು? ಮರಿಗೆ ಎರಡನೆಯ ವಾರದಿಂದಲೇ, ತೂಕ ನೋಡಿ, ಪಶುವೈದ್ಯರು ಹೇಳಿದ ಔಷಧವನ್ನು ಕೊಡಿ; ತಾಯಿಗೂ ಜೊತೆಯಲ್ಲೇ ಕೊಡಿ. ಮಲವನ್ನು ದಿನವೂ ತೆಗೆದು ಹೂಳಿ. ಮೊಟ್ಟೆ ಬಲಿಯುವ ಮೊದಲೇ ಅಂಗಳ ಚೊಕ್ಕಟವಾದರೆ ಅರ್ಧ ಗೆದ್ದಂತೆ. ಚಿಗಟವನ್ನು ಬಿಡಬೇಡಿ. ಹಸಿ ಮಾಂಸದ ಅಂಗಾಂಗಗಳನ್ನು ಹಾಕಬೇಡಿ. ಮೂಲಿಕೆ ಕೊಡಲೇಬೇಕೆನ್ನುವವರು ಎರಡು ಬಾರಿ ಮಲಪರೀಕ್ಷೆ ಮಾಡಿಸಿ, ಎರಡೂ ಸಂಖ್ಯೆಗಳನ್ನು ಬರೆದಿಡಿ. ಎರಡನೆಯದು ಇಳಿಯದಿದ್ದರೆ ಹಟ ಬಿಡಿ. ಎಳೆಮರಿ ಮತ್ತು ಒಸಡು ಬಿಳಿಚಿದ ನಾಯಿಯ ಮೇಲೆ ಮಾತ್ರ ಈ ಪ್ರಯೋಗ ಬೇಡ.

ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನಗಳಲ್ಲಿ ನಮ್ಮ ಪಶುವೈದ್ಯಕೀಯ ಕಾಲೇಜುಗಳಿವೆ. ಮುತ್ತುಗ, ವಾಯುವಿಳಂಗ, ಕಂಪಿಲ್ಲಕಗಳು ನಮ್ಮ ಕಾಡುಗಳಲ್ಲೇ ಇವೆ. ಈಗಿರುವ ಮಾತ್ರೆಗಳಿಗೆ ಹುಳುಗಳು ಒಗ್ಗಿಕೊಳ್ಳುತ್ತಿರುವಾಗ ಹೊಸ ಅಂಶಗಳ ಹುಡುಕಾಟ ನಿಜಕ್ಕೂ ಬೇಕಾದದ್ದು. ಆ ಹುಡುಕಾಟಕ್ಕೆ ಬೇಕಾದ ಉಪಕರಣಗಳು ಒಂದು ತಕ್ಕಡಿ, ಒಂದು ಹಿಡಿ ಉಪ್ಪು, ಒಂದು ಗಾಜುಫಲಕ, ಒಂದು ಸೂಕ್ಷ್ಮದರ್ಶಕ ಮತ್ತು ಎಣಿಸುವ ತಾಳ್ಮೆ.